ಭಾವನ ಜೊತೆ ಉಪ್ಪಿನಕಾಯಿ ವ್ಯಾಪಾರ: ಕಂಪನಿ ಮಾಡಬೇಕೆ, ಮೊದಲು ಕಾಗದ ಸರಿಮಾಡಬೇಕೆ?

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿ ನಮ್ಮದು. ಮೂರು ವರ್ಷದಿಂದ ನಾನು, ಹೆಂಡತಿ ಮತ್ತು ಅವಳ ಅಣ್ಣ ಸೇರಿ ಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ) ಶರಬತ್ತು, ಜೋನಿ (ದ್ರವ) ಬೆಲ್ಲ ತಯಾರಿಸಿ ಮಾರುತ್ತಿದ್ದೇವೆ. ಭಾವ ಕುಮಟಾದವರು, 6 ಲಕ್ಷ ರೂಪಾಯಿ ಹಾಕಿದ್ದಾರೆ. ಜಾಗ, ದುಡಿಮೆ ನಮ್ಮದು. ಲಾಭ ಹಂಚಿಕೊಳ್ಳುತ್ತೇವೆ, ಬರೆದಿಟ್ಟದ್ದು ಏನೂ ಇಲ್ಲ. ಆಹಾರ ಸುರಕ್ಷತೆಯ ನೋಂದಣಿ ಹೆಂಡತಿಯ ಹೆಸರಿನಲ್ಲಿದೆ. ಜಿಎಸ್‌ಟಿ ಮಾಡಿಸಿಲ್ಲ, ಕಳೆದ ವರ್ಷದ ವಹಿವಾಟು 22 ಲಕ್ಷ ಮಾತ್ರ. ಭಾವ ಕಾರವಾರದ ಮೇಲಿಂದ ಗೋವೆಯ ಮಡಗಾಂವ್‌ನ ಎರಡು ಅಂಗಡಿಗಳಿಗೂ ಮಾಲು ಕಳಿಸುತ್ತಾರೆ. ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರು 8 ತಿಂಗಳಿಂದ 3.80 ಲಕ್ಷ ಬಾಕಿ ಉಳಿಸಿಕೊಂಡಿದ್ದಾರೆ. ಅದರಲ್ಲಿ 1 ಲಕ್ಷಕ್ಕೆ ನನ್ನ ಹೆಸರಿಗೆ ಚೆಕ್ ಕೊಟ್ಟು, ‘ನಾನು ಹೇಳುವವರೆಗೆ ಹಾಕಬೇಡಿ’ ಎಂದಿದ್ದಾರೆ. ಚೆಕ್ಕಿನ ತಾರೀಕು ಆಗಿ ಎರಡು ತಿಂಗಳಾಯಿತು. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಬಿಡಿ, ತೋಟಕ್ಕೆ ತೊಂದರೆ ಬರುವುದಿಲ್ಲ ಎಂದು ಪರಿಚಯದವರು ಹೇಳುತ್ತಾರೆ. ಮಾಡಬೇಕೆ? ಬಾಟಲಿಯ ಮೇಲೆ ‘ಶಿರಸಿ ಅಪ್ಪೆಮಿಡಿ’ ಎಂಬ ಹೆಸರನ್ನು ನಮ್ಮದೇ ಎಂದು ನೋಂದಾಯಿಸಬಹುದೆ?

ಉತ್ತರ: ಕಂಪನಿಯ ಮಾತು ಆಮೇಲೆ. ಮೊದಲು ಆ ಚೆಕ್ಕನ್ನು ಕೈಗೆತ್ತಿಕೊಳ್ಳಿ. ನಿಮ್ಮ ಪ್ರಶ್ನೆಯಲ್ಲಿ ಗಡಿಯಾರ ಓಡುತ್ತಿರುವುದು ಅದೊಂದಕ್ಕೆ.

ಚೆಕ್ಕಿಗೆ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳಷ್ಟೇ ಆಯುಷ್ಯ. ಎರಡು ತಿಂಗಳು ಕಳೆದಿದೆ. ಇನ್ನು ನಾಲ್ಕು ವಾರ ಮರ್ಯಾದೆಗೆ ಕಾದರೆ ಅದು ಬರೀ ಕಾಗದ. ವ್ಯಾಪಾರಿಗೆ ‘ಇಂಥ ದಿನ ಬ್ಯಾಂಕಿಗೆ ಹಾಕುತ್ತೇನೆ’ ಎಂದು ಒಂದು ಸಂದೇಶ ಕಳಿಸಿ, ಹಾಕಿಬಿಡಿ. ಚೆಕ್ ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಖಾತೆಗೇ ಹಾಕಿ. ಹಣ ಬಂದರೆ ಸರಿ. ಬೌನ್ಸ್ ಆದರೆ ಬ್ಯಾಂಕಿನಿಂದ ಮೆಮೊ ಕೈಸೇರಿದ 30 ದಿನದೊಳಗೆ ವಕೀಲರ ಮೂಲಕ ಲಿಖಿತ ನೋಟಿಸ್ ಹೋಗಬೇಕು, ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ. ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಆ 15 ದಿನ ಮುಗಿದ ನಂತರದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಇಂಥ ಪ್ರಕರಣ ಸೋಲುವುದು ಹೆಚ್ಚಾಗಿ ನ್ಯಾಯ ಇಲ್ಲದ್ದಕ್ಕಲ್ಲ, ಈ ಮೂರು ಗಡುವಿನಲ್ಲಿ ಒಂದು ತಪ್ಪಿದ್ದಕ್ಕೆ.

ಸೋಲಿಗೆ ಇನ್ನೊಂದು ಕಾರಣ ನೋಟಿಸಿನಲ್ಲಿ ಬರೆಯುವ ಮೊತ್ತ. ಸಿಟ್ಟಿನಲ್ಲಿ ‘ಒಟ್ಟು 3.80 ಲಕ್ಷ ಕೊಡಿ’ ಎಂದು ಮಾತ್ರ ಬರೆಸಬೇಡಿ. ನೋಟಿಸು ಕೇಳಬೇಕಾದ್ದು ಚೆಕ್ಕಿನ ಮೊತ್ತ, ಅಂದರೆ 1 ಲಕ್ಷ, ಒಂದು ರೂಪಾಯಿ ಆಚೀಚೆ ಇಲ್ಲದೆ. ಉಳಿದ ಬಾಕಿಗೆ ಬೇರೆ ನೋಟಿಸ್ ಕೊಡಿ, ಇಲ್ಲವೆ ಬೇರೆ ಪ್ಯಾರಾದಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ. ಚೆಕ್ ಕೊಟ್ಟ ಮೇಲೆ ಅವರು ಅದೇ ಒಂದು ಲಕ್ಷದಲ್ಲಿ ಸ್ವಲ್ಪ ಹಣ ಕೊಟ್ಟಿದ್ದರೂ ಈಗಲೇ ವಕೀಲರಿಗೆ ಹೇಳಿ. ಮುಚ್ಚಿಟ್ಟರೆ ಪ್ರಕರಣ ಅಲ್ಲೇ ಕುಸಿಯುತ್ತದೆ. ಒಂದು ಅನುಕೂಲವೂ ಇದೆ: 2015ರ ತಿದ್ದುಪಡಿಯಂತೆ, ನೀವು ಖಾತೆಗೆ ಹಾಕಿದ ಚೆಕ್ಕಾದರೆ ನಿಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ ದೂರು ಕೊಡಬೇಕು. ನಿಮ್ಮ ಖಾತೆ ಶಿರಸಿಯಲ್ಲಿದ್ದರೆ ಪ್ರಕರಣ ಶಿರಸಿಯಲ್ಲೇ, ಅವರೇ ಹುಬ್ಬಳ್ಳಿಯಿಂದ ಬರಬೇಕು.

ಉಳಿದ 2.80 ಲಕ್ಷದ ಕತೆ ಇಷ್ಟು ನೇರವಲ್ಲ. ಅದನ್ನು ಹೇಳುವ ಮೊದಲು ಕಾನೂನಿನ ಕಣ್ಣಲ್ಲಿ ನೀವು ಈಗ ಏನಾಗಿದ್ದೀರಿ ಎಂಬುದು ತಿಳಿಯಬೇಕು.

‘ಬರೆದದ್ದು ಏನೂ ಇಲ್ಲ’ ಎನ್ನುತ್ತೀರಿ. ಆದರೆ ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳುತ್ತಿರುವುದರಿಂದ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೀವು ಈಗಾಗಲೇ ಪಾಲುದಾರರು. ಪಾಲುದಾರಿಕೆ ಹುಟ್ಟಲು ಕಾಗದ ಬೇಕಿಲ್ಲ. ಕಾಗದ ಇಲ್ಲದಿದ್ದಾಗ ಏನಾಗುತ್ತದೆಂದರೆ, ನೀವು ಬರೆಯದೆ ಬಿಟ್ಟದ್ದನ್ನೆಲ್ಲ ಕಾಯ್ದೆಯೇ ಬರೆದುಬಿಡುತ್ತದೆ. ಅದರ ಬರಹ ಹೀಗಿದೆ: ಲಾಭ ಸಮಪಾಲು, ನಷ್ಟವೂ ಸಮಪಾಲು. ದುಡಿದದ್ದಕ್ಕೆ ಯಾರಿಗೂ ಸಂಬಳವಿಲ್ಲ. ಬಂಡವಾಳಕ್ಕೆ ಬಡ್ಡಿಯಿಲ್ಲ. ಬಂಡವಾಳ ಮೀರಿ ಮುಂಗಡ ಕೊಟ್ಟಿದ್ದರೆ ಅದಕ್ಕೆ ಶೇ. 6. ವ್ಯಾಪಾರದ ಸಾಲಕ್ಕೆ ಪ್ರತಿಯೊಬ್ಬರೂ ಪೂರ್ತಿ ಹೊಣೆ. ಭಾವ ಗೋವೆಯಲ್ಲಿ ಸಂಸ್ಥೆಯ ಪರವಾಗಿ ಒಪ್ಪಿಕೊಂಡು ಬಂದದ್ದಕ್ಕೆ ನಿಮ್ಮ ತೋಟವೂ ಜವಾಬು ಕೊಡಬೇಕು.

ಇದರಲ್ಲಿ ಜಗಳಕ್ಕೆ ಬೀಜವಾಗುವುದು ಭಾವ ಹಾಕಿದ 6 ಲಕ್ಷ. ಅದು ಬಂಡವಾಳವೋ, ಸಾಲವೋ? ಇಂದು ಇಬ್ಬರೂ ನಗುತ್ತೀರಿ. ಅವರ ಮನೆಯಲ್ಲಿ ಮಗಳ ಮದುವೆ ಬಂದ ವರ್ಷ ಈ ಪ್ರಶ್ನೆ ನಗುವ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸಾಲವೆಂದು ಬರೆಯುವುದಾದರೆ ಹಣ ಬ್ಯಾಂಕಿನ ಮೂಲಕವೇ ಬಂದಿರಬೇಕು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಆದಾಯ ತೆರಿಗೆ ಕಾನೂನಿನಲ್ಲಿ ಪಡೆದಷ್ಟೇ ಮೊತ್ತದ ದಂಡಕ್ಕೆ ದಾರಿಯಿದೆ.

ಈಗ ಕಂಪನಿ. ‘ತೋಟಕ್ಕೆ ತೊಂದರೆ ಬರುವುದಿಲ್ಲ’ ಎಂಬ ಮಾತು ಅರ್ಧ ನಿಜ. ಕಂಪನಿಯ ಸಾಲ ಕಂಪನಿಯದು, ಷೇರುದಾರನ ಹೊಣೆ ಅವನ ಷೇರಿನ ಮಟ್ಟಿಗೆ, ಹೌದು. ಆದರೆ ನಿಮ್ಮ ಗಾತ್ರದ ಕಂಪನಿಗೆ ಸಾಲ ಕೊಡುವಾಗ ಯಾವ ಬ್ಯಾಂಕೂ ಕಂಪನಿಯ ಮುಖ ನೋಡಿ ಕೊಡುವುದಿಲ್ಲ. ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ, ಮೊತ್ತ ದೊಡ್ಡದಾದರೆ ತೋಟದ ಅಡಮಾನವನ್ನೂ. ಆ ಸಹಿ ಬಿದ್ದ ಕ್ಷಣ ಬ್ಯಾಂಕಿನ ಮಟ್ಟಿಗೆ ಕಂಪನಿಯ ಗೋಡೆ ಬಿದ್ದಂತೆಯೇ. ಆಹಾರ ಕಲಬೆರಕೆ, ಬೌನ್ಸ್ ಆದ ಚೆಕ್, ಕಟ್ಟದ ಜಿಎಸ್‌ಟಿ, ಇವುಗಳಲ್ಲೂ ವ್ಯವಹಾರ ನಡೆಸುವ ನಿರ್ದೇಶಕರನ್ನು ನೇರವಾಗಿ ಹೊಣೆ ಮಾಡುವ ಕಲಮುಗಳಿವೆ.

ಇನ್ನು ಖರ್ಚು. ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ವಹಿವಾಟು ಸೊನ್ನೆಯಿದ್ದರೂ ಲೆಕ್ಕಪರಿಶೋಧನೆ ಕಡ್ಡಾಯ. ನೋಂದಣಿಯಾದ 30 ದಿನದೊಳಗೆ ಲೆಕ್ಕಪರಿಶೋಧಕರ ನೇಮಕ, 180 ದಿನದೊಳಗೆ ವ್ಯವಹಾರ ಆರಂಭದ ಘೋಷಣೆ. ಘೋಷಣೆ ಮರೆತರೆ ಕಂಪನಿಗೆ 50,000 ರೂಪಾಯಿ ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಬೇರೆ. ಪ್ರತಿ ವರ್ಷ ವಾರ್ಷಿಕ ಸಭೆಯಾದ 30 ದಿನದಲ್ಲಿ ಲೆಕ್ಕಪತ್ರ, 60 ದಿನದಲ್ಲಿ ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ಎರಡು ಫಾರ್ಮು ಒಂದು ವರ್ಷ ಬಾಕಿಯಾದರೆ 73,000. ಸತತ ಮೂರು ವರ್ಷ ಬಾಕಿಯಾದರೆ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ಕೇಂದ್ರ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ದಫ್ತರದಿಂದ ಅಳಿಸಿಹಾಕಿತಲ್ಲ, ಅಲ್ಲಿ ನೋಡಿದ್ದು ಹೀಗೆ ವರ್ಷಗಟ್ಟಲೆ ವಿವರ ಸಲ್ಲಿಸದೆ ಕೂತವರನ್ನೇ. ಒಳ್ಳೆಯ ಉದ್ದೇಶದಿಂದ ಕಂಪನಿ ತೆರೆದು ಮರೆತವರಿಗೂ ಅದೇ ಗತಿಯಾಯಿತು.

ಹೊರಗಿನವರು ಬಂಡವಾಳ ಹಾಕಲು ತಯಾರಿದ್ದರೆ, ರಫ್ತಿನ ದೊಡ್ಡ ಕರಾರು ಕಣ್ಣೆದುರಿಗಿದ್ದರೆ ಕಂಪನಿ ಮಾಡಿ. ಸೀಮಿತ ಹೊಣೆಯಷ್ಟೇ ಬೇಕಿದ್ದರೆ 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ನಡುವಿನ ದಾರಿ. ವಹಿವಾಟು 40 ಲಕ್ಷ ಅಥವಾ ಪಾಲುದಾರರ ವಂತಿಗೆ 25 ಲಕ್ಷ ಮೀರುವವರೆಗೆ ಅದಕ್ಕೆ ಆ ಕಾಯ್ದೆಯಡಿ ಲೆಕ್ಕಪರಿಶೋಧನೆ ಕಡ್ಡಾಯವಲ್ಲ, ವರ್ಷಕ್ಕೆ ಎರಡು ವಿವರ, ಮೇ 30ಕ್ಕೆ ಒಂದು, ಅಕ್ಟೋಬರ್ 30ಕ್ಕೆ ಇನ್ನೊಂದು. ಆದರೆ ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಲಾಭದ ತೆರಿಗೆ ಪದ್ಧತಿ, ಅಂದರೆ ವಹಿವಾಟಿನ ಶೇ. 8, ಬ್ಯಾಂಕ್ ಮೂಲಕ ಬಂದ ಹಣಕ್ಕಾದರೆ ಶೇ. 6 ಲಾಭವೆಂದು ತೋರಿಸುವ ಸೌಲಭ್ಯ, ಎಲ್‌ಎಲ್‌ಪಿಗೂ ಕಂಪನಿಗೂ ಇಲ್ಲ. ಸಾದಾ ಪಾಲುದಾರಿಕೆಗೆ ಇದೆ. 22 ಲಕ್ಷದ ವಹಿವಾಟಿಗೆ, ಮೂವರೂ ಒಂದೇ ಕುಟುಂಬದವರಾಗಿರುವಾಗ, ನೋಂದಾಯಿತ ಪಾಲುದಾರಿಕೆ ಸಾಕು ಎಂಬುದು ನನ್ನ ಸಲಹೆ. ವಹಿವಾಟು ಕೋಟಿ ಮುಟ್ಟಿದಾಗ ಮತ್ತೆ ಯೋಚಿಸಿ.

ಪಾಲುದಾರಿಕೆ ಪತ್ರದಲ್ಲಿ ನಿಮ್ಮ ಹೆಂಡತಿಯನ್ನು ಮೂರನೆಯ ಪಾಲುದಾರರಾಗಿ ಸೇರಿಸಿ. ಇದು ಸೌಜನ್ಯಕ್ಕೆ ಹೇಳಿದ್ದಲ್ಲ. ಇಬ್ಬರೇ ಪಾಲುದಾರರಿರುವ ಸಂಸ್ಥೆಯಲ್ಲಿ ಒಬ್ಬರು ತೀರಿಕೊಂಡರೆ ಸಂಸ್ಥೆ ಅಲ್ಲಿಗೆ ಮುಗಿಯುತ್ತದೆ. ‘ಒಬ್ಬರು ತೀರಿದರೂ ಸಂಸ್ಥೆ ಮುಂದುವರಿಯತಕ್ಕದ್ದು’ ಎಂದು ಪತ್ರದಲ್ಲಿ ಬರೆದಿದ್ದರೂ ಉಪಯೋಗವಿಲ್ಲ, ಒಬ್ಬನೇ ಉಳಿದ ಮೇಲೆ ಪಾಲುದಾರಿಕೆ ಯಾರ ಜೊತೆ? ಮೂವರಿದ್ದರೆ ಆ ಷರತ್ತು ಕೆಲಸ ಮಾಡುತ್ತದೆ. ಮಾದರಿ ಪತ್ರಗಳನ್ನು ನಕಲು ಮಾಡುವವರು ಈ ಸೂಕ್ಷ್ಮ ನೋಡುವುದೇ ಇಲ್ಲ.

ಪತ್ರದಲ್ಲಿ ಬರಲೇಬೇಕಾದ ಬೇರೆ ಮಾತುಗಳು: ಮುಖ್ಯ ಜಾಗ ಶಿರಸಿ, ಶಾಖೆ ಕುಮಟಾ. ಯಾರ ಬಂಡವಾಳ ಎಷ್ಟು, ಅದಕ್ಕೆ ಬಡ್ಡಿ ಎಷ್ಟು, ಶೇ. 12ರವರೆಗೆ ಮಾತ್ರ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಒಪ್ಪುತ್ತಾರೆ. ದುಡಿಯುವ ಪಾಲುದಾರರಿಗೆ ತಿಂಗಳ ಸಂಬಳ ಎಷ್ಟು ಅಥವಾ ಯಾವ ಲೆಕ್ಕದಲ್ಲಿ. ಪತ್ರದಲ್ಲಿ ಇಲ್ಲದ ಸಂಬಳ ತೆರಿಗೆಯವರ ಪಾಲಿಗೆ ಇಲ್ಲವೇ ಇಲ್ಲ. 2025ರ ಏಪ್ರಿಲ್‌ನಿಂದ ಒಬ್ಬ ಪಾಲುದಾರರಿಗೆ ವರ್ಷಕ್ಕೆ 20,000 ಮೀರಿ ಸಂಬಳ, ಬಡ್ಡಿ ಕೊಟ್ಟರೆ ಶೇ. 10ರಷ್ಟು ಮೂಲದಲ್ಲೇ ತೆರಿಗೆ ಮುರಿಯಬೇಕು, ಇದನ್ನು ಬಹಳ ಸಣ್ಣ ಸಂಸ್ಥೆಗಳು ಇನ್ನೂ ಗಮನಿಸಿಲ್ಲ. ತಯಾರಿಕೆಯ ಶೆಡ್ಡು ನಿಮ್ಮ ಜಾಗದಲ್ಲಿದ್ದು, ಕಟ್ಟಿದ್ದು ವ್ಯಾಪಾರದ ಹಣದಲ್ಲಾದರೆ ಅದು ಸಂಸ್ಥೆಯ ಆಸ್ತಿಯೋ ನಿಮ್ಮದೋ? ಬಾಡಿಗೆ ಎಷ್ಟು? ಬಾಟಲಿಯ ಮೇಲಿನ ಹೆಸರು ಯಾರದು? ಭಾವ ಹೊರಹೋಗುವ ದಿನ ಅವರ ಪಾಲನ್ನು ಎಷ್ಟು ತಿಂಗಳಲ್ಲಿ, ಯಾವ ಲೆಕ್ಕದಲ್ಲಿ ಕೊಡುತ್ತೀರಿ? ಅವರು ಕುಮಟಾದಲ್ಲಿ ಬೇರೆಯಾಗಿ ಮುರುಗಲು ವ್ಯಾಪಾರ ಮಾಡಬಹುದೆ? ಬ್ಯಾಂಕಿನಲ್ಲಿ ಇಷ್ಟು ಮೊತ್ತ ಮೀರಿದರೆ ಇಬ್ಬರ ಸಹಿ ಎಂಬ ಮಾತನ್ನೂ ಹಾಕಿ. ಮುಖ ನೋಡಿಕೊಂಡು ಕೇಳಲು ಸಂಕೋಚವಾಗುವ ಪ್ರಶ್ನೆಗಳು ಇವು. ಕೇಳಲು ಪತ್ರ ಬರೆಸುವ ದಿನವೇ ಸರಿ.

ನಿಮ್ಮದೇ ತೋಟದ ಮಿಡಿಯನ್ನು ಸಂಸ್ಥೆ ಬಳಸುತ್ತಿದ್ದರೆ ಪುಕ್ಕಟೆ ಸುರಿಯಬೇಡಿ. ಮಾರುಕಟ್ಟೆ ಧಾರಣೆಗೆ ವೋಚರ್ ಮಾಡಿ ಸಂಸ್ಥೆಗೆ ಮಾರಿ. ಬೆಳೆದ ಮಿಡಿಯ ಹಣ ನಿಮಗೆ ಕೃಷಿ ಆದಾಯ. ಅದೇ ಮಿಡಿ ಉಪ್ಪಿನಕಾಯಿಯಾಗಿ ಬಂದ ಲಾಭ ವ್ಯಾಪಾರದ ಆದಾಯ. ಎರಡೂ ಕಲಸಿಹೋದರೆ ಬೇರ್ಪಡಿಸುವುದು ಜೋನಿ ಬೆಲ್ಲದಿಂದ ನೀರು ತೆಗೆದಂತೆ.

ಪತ್ರವನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ, ಇಂದಿನ ತಾರೀಕಿಗೇ ಮಾಡಿ. ಹಳೆಯ ತಾರೀಕಿನ ಸ್ಟ್ಯಾಂಪು ಹುಡುಕಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ‘ಇಂಥ ವರ್ಷದಿಂದ ಬಾಯಿಮಾತಿನ ಮೇಲೆ ವ್ಯವಹಾರ ನಡೆಯುತ್ತಿದೆ, ಅದರ ಷರತ್ತುಗಳನ್ನು ಇಂದು ಬರಹಕ್ಕಿಳಿಸಿದ್ದೇವೆ’ ಎಂದು ಬರೆದರೆ ಸಾಕು, ಅದು ಸತ್ಯವೂ ಹೌದು. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಪತ್ರವಾದ ಮೇಲೆ ಸಂಸ್ಥೆಯ ಹೆಸರಿಗೆ ಪಾನ್, ಆಮೇಲೆ ಸಂಸ್ಥೆಗಳ ರಿಜಿಸ್ಟ್ರಾರರಲ್ಲಿ ನೋಂದಣಿ. ಪಾಲುದಾರಿಕೆ ನೋಂದಣಿ ಐಚ್ಛಿಕ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಐಚ್ಛಿಕವೇ. ಆದರೆ ಕಾಯ್ದೆಯ 69ನೇ ಕಲಮು ಓದಿದ ಮೇಲೆ ಹಾಗೆ ಹೇಳುವವರು ಕಡಿಮೆ. ನೋಂದಣಿ ಇಲ್ಲದ ಸಂಸ್ಥೆ ತನ್ನ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಅವರು ನಿಮ್ಮ ಮೇಲೆ ಹೂಡಬಹುದು! ನಿಮ್ಮ ಹುಬ್ಬಳ್ಳಿ ಬಾಕಿ ಸಿಕ್ಕಿಬಿದ್ದಿರುವುದು ಇಲ್ಲಿ. ಇವತ್ತು ದಾವೆ ಹಾಕಿದರೆ ಎದುರಿನ ವಕೀಲರು ಲೆಕ್ಕದ ತಂಟೆಗೇ ಹೋಗುವುದಿಲ್ಲ, ‘ಸಂಸ್ಥೆ ನೋಂದಣಿಯಾಗಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ದಾವೆ ಹಾಕಿದ ಮೇಲೆ ಓಡಿಹೋಗಿ ನೋಂದಣಿ ಮಾಡಿಸಿದರೂ ಆ ದಾವೆ ಬದುಕುವುದಿಲ್ಲ.

ಸಮಾಧಾನದ ಸಂಗತಿಯೆಂದರೆ ಕಾಯ್ದೆ ನೋಡುವುದು ದಾವೆ ಹೂಡಿದ ದಿನವನ್ನು, ಮಾಲು ಕಳಿಸಿದ ದಿನವನ್ನಲ್ಲ. ಈಗ ನೋಂದಣಿ ಮಾಡಿಸಿ, ದಫ್ತರದಲ್ಲಿ ಮೂವರ ಹೆಸರೂ ಇದೆಯೇ ಎಂದು ದೃಢಪ್ರತಿ ತೆಗೆದು ನೋಡಿ, ಆಮೇಲೆ ಹಳೆಯ ಬಾಕಿಗೂ ದಾವೆ ಹೂಡಬಹುದು. ಬಾಕಿಗೆ ಮೂರು ವರ್ಷದ ಅವಧಿಯಿದೆ, 8 ತಿಂಗಳಷ್ಟೇ ಆಗಿದೆ. ಅಷ್ಟರಲ್ಲಿ ವ್ಯಾಪಾರಿಯಿಂದ ಬಾಕಿ ಒಪ್ಪಿಕೊಂಡ ಪತ್ರಕ್ಕೆ ಸಹಿ ತರಿಸಿಕೊಳ್ಳಿ. ಅವಧಿ ಮುಗಿಯುವ ಮೊದಲು ಸಹಿ ಬಿದ್ದರೆ ಮೂರು ವರ್ಷ ಆ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ, ಮುಗಿದ ಮೇಲೆ ಬಿದ್ದ ಸಹಿಗೆ ಆ ಬಲ ಇಲ್ಲ. ‘ಮುಂದಿನ ತಿಂಗಳು ಖಂಡಿತ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಅಳಿಸಬೇಡಿ. ಹೊಸ ಸಾಕ್ಷ್ಯ ಕಾನೂನಿನಲ್ಲೂ ಅವಕ್ಕೆ ಪ್ರಮಾಣಪತ್ರ ಬೇಕು, ಆದ್ದರಿಂದ ಆ ಫೋನನ್ನೇ ಜೋಪಾನ ಮಾಡಿ, ಹಳೆಯ ಫೋನು ಕೊಟ್ಟು ಹೊಸದು ತರುವ ಆಸೆಯನ್ನು ಸ್ವಲ್ಪ ದಿನ ಮುಂದೂಡಿ.

ದಾವೆ ಎಲ್ಲಿ ಎಂಬುದು ಮೊತ್ತದ ಮೇಲೆ ನಿಂತಿದೆ. ವ್ಯಾಪಾರಿಗಳ ನಡುವಿನ ಮಾಲಿನ ಬಾಕಿ 3 ಲಕ್ಷ ಮುಟ್ಟಿದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತುರ್ತು ಆದೇಶ ಬೇಡದ ಪ್ರಕರಣದಲ್ಲಿ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡದೆ ನೇರ ಹೂಡಿದ ದಾವೆ ತಿರಸ್ಕೃತವಾಗುತ್ತದೆ. ಚೆಕ್ಕಿನ 1 ಲಕ್ಷ ಬಂದುಬಿಟ್ಟರೆ ಉಳಿಯುವುದು 2.80 ಲಕ್ಷ, ಆದರೆ ದಾವೆಯ ದಿನದವರೆಗಿನ ಬಡ್ಡಿಯೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಬಡ್ಡಿ ಕೂಡಿಸಿ ನೋಡದೆ ನ್ಯಾಯಾಲಯ ತೀರ್ಮಾನಿಸಬೇಡಿ. ಸೋಲುಗೆಲುವಿನ ಹಠ ಬಿಟ್ಟು ನೋಡಿದರೆ, ಈ ಮೊತ್ತಕ್ಕೆ ಮಧ್ಯಸ್ಥಿಕೆಯಲ್ಲೇ ಕಂತು ಮಾಡಿಕೊಂಡು ಮುಗಿಸುವುದು ಮೇಲು. ಹತ್ತು ಸಾವಿರ ಬಿಟ್ಟುಕೊಟ್ಟರೂ ಬಸ್ಸು, ವಕೀಲರು, ದಿನಗಳ ಲೆಕ್ಕದಲ್ಲಿ ಉಳಿಯುತ್ತದೆ.

ಮುಂದಿನ ಮಾಲಿಗೆ ಇಷ್ಟು ತೊಂದರೆ ಬೇಡವೆಂದರೆ ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ. ಉಚಿತ, ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪಾನ್ ಇಟ್ಟುಕೊಂಡು ನೀವೇ ಮಾಡಬಹುದು. ಹಣ ಕೇಳುವ ಜಾಲತಾಣಗಳು ದಲ್ಲಾಳಿಗಳದು. ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ನೀವು ‘ಸೂಕ್ಷ್ಮ’ ಉದ್ಯಮ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯಂತೆ ಕೊಂಡವರು ನಿಮಗೆ ಒಪ್ಪಿದ ಅವಧಿಯಲ್ಲಿ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇದಕ್ಕೂ ಚುರುಕಾದ ಒಂದು ಅಸ್ತ್ರವಿದೆ: 2023-24ರ ಲೆಕ್ಕದಿಂದ, ಹೀಗೆ ಗಡುವು ಮೀರಿ ಬಾಕಿ ಇಟ್ಟ ಹಣವನ್ನು ಕೊಂಡವರು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಮಾರ್ಚ್ ಹತ್ತಿರ ಬಂದಾಗ ಅವರ ಲೆಕ್ಕಪರಿಶೋಧಕರೇ ‘ಶಿರಸಿಯವರದ್ದು ಕೊಟ್ಟುಬಿಡಿ’ ಎನ್ನುತ್ತಾರೆ. ಆದರೆ ಉದ್ಯಮ್ ಸಂಖ್ಯೆ ಮಾಲು ಕಳಿಸುವ ಮೊದಲೇ ಇರಬೇಕು, ಬಿಲ್ಲಿನ ಮೇಲೆ ಅಚ್ಚಾಗಿರಬೇಕು. ಹುಬ್ಬಳ್ಳಿಯ ಹಳೆಯ ಬಾಕಿಗೆ ಇದನ್ನು ನಂಬಿ ಕೂರಬೇಡಿ. ಇನ್ನೊಂದು: ಈ ರಕ್ಷಣೆ ತಯಾರಕರಿಗೆ. ಬೇರೆಯವರ ಜೇನುತುಪ್ಪ, ಹಪ್ಪಳ ತಂದು ಮಾರಿದರೆ ಆ ಭಾಗಕ್ಕೆ ನೀವು ಬರೀ ವ್ಯಾಪಾರಿ.

ಈಗ ಗೋವೆ. ‘22 ಲಕ್ಷ ಮಾತ್ರ’ ಎಂದು ನೀವು ನಿಶ್ಚಿಂತರಾಗಿರುವ ಜಾಗದಲ್ಲೇ ಅಪಾಯವಿದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ಜಿಎಸ್‌ಟಿ ಮಿತಿ 40 ಲಕ್ಷ ಎಂಬುದು ರಾಜ್ಯದೊಳಗಿನ ಮಾರಾಟಕ್ಕೆ. ಗಡಿಯ ಮಾಜಾಳಿ ದಾಟಿ ಮಡಗಾಂವ್‌ನ ಅಂಗಡಿಗೆ ಹೋದ ಮೊದಲ ಪೆಟ್ಟಿಗೆಗೇ ನೋಂದಣಿ ಕಡ್ಡಾಯ, ಅದು 5,000 ರೂಪಾಯಿಯದಾದರೂ. ಕಾರವಾರದ ಅಂಗಡಿಗೆ ಬಂದ ಗೋವೆಯ ಪ್ರವಾಸಿ ಕೌಂಟರಿನಲ್ಲಿ ಹಣ ಕೊಟ್ಟು ಬಾಟಲಿ ಒಯ್ದರೆ ಅದು ರಾಜ್ಯದೊಳಗಿನ ಮಾರಾಟ. ಅದೇ ಗೋವೆಯ ವಿಳಾಸಕ್ಕೆ ಕೊರಿಯರ್ ಮಾಡಿದರೆ ಅಂತರರಾಜ್ಯ. ಮಿತಿಯ ಲೆಕ್ಕ ಪಾನ್ ಪ್ರಕಾರ ಎಂಬುದೂ ನೆನಪಿರಲಿ. ನಿಮ್ಮ ಪಾನ್‌ನಡಿ ಅಡಿಕೆ ಖರೀದಿ-ಮಾರಾಟವೂ ಇದ್ದು ಉಪ್ಪಿನಕಾಯಿಯೂ ನಿಮ್ಮ ಹೆಸರಲ್ಲೇ ನಡೆದರೆ ಎರಡೂ ಕೂಡುತ್ತವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೂ ನೋಟಿಸ್ ಕಳಿಸಿದ್ದನ್ನು ಮರೆಯುವಂತಿಲ್ಲ. ಗೋವೆಯ ಹಣ ಭಾವನ ಫೋನಿಗೆ ಬರುತ್ತಿದ್ದರೆ ಆ ಜಮೆ ಯಾರ ವಹಿವಾಟು ಎಂದು ಅವರು ಉತ್ತರಿಸಬೇಕಾದೀತು. ಸಂಸ್ಥೆಯ ಹೆಸರಿಗೆ ಚಾಲ್ತಿ ಖಾತೆ ತೆರೆದು ಕ್ಯೂಆರ್ ಹಲಗೆ ಬದಲಿಸಿ.

ಶೇ. 1 ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿ ನಿಮಗೆ ಆಕರ್ಷಕವಾಗಿ ಕಂಡೀತು. ಆದರೆ ಅದರಲ್ಲಿದ್ದವರು ರಾಜ್ಯದ ಹೊರಗೆ ಮಾರುವಂತಿಲ್ಲ. ಗೋವೆ ಬೇಕಿದ್ದರೆ ಸಾಮಾನ್ಯ ನೋಂದಣಿಯೇ ಗತಿ. ನೋಂದಣಿಗೆ ಪಾಲುದಾರಿಕೆ ಪತ್ರ, ಸಂಸ್ಥೆಯ ಪಾನ್, ಜಾಗದ ದಾಖಲೆ ಬೇಕು. ಪಹಣಿ ತಂದೆಯ ಅಥವಾ ಅಣ್ಣತಮ್ಮಂದಿರ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಮತ್ತು ಕರೆಂಟ್ ಬಿಲ್ಲು. ಕುಮಟಾದಲ್ಲಿ ಗೋದಾಮು ಇದ್ದರೆ ಅದನ್ನು ಹೆಚ್ಚುವರಿ ಜಾಗವಾಗಿ ಸೇರಿಸಿ. ನೋಂದಣಿಯ 30 ದಿನದಲ್ಲಿ ಬ್ಯಾಂಕ್ ಖಾತೆಯ ವಿವರ ತುಂಬದಿದ್ದರೆ ನೋಂದಣಿ ಅಮಾನತಾಗುತ್ತದೆ. ಮಳೆಗಾಲದಲ್ಲಿ ಮಾರಾಟವೇ ಇಲ್ಲದಿದ್ದರೂ ಸೊನ್ನೆಯ ವಿವರ ಸಲ್ಲಿಸಲೇಬೇಕು. 50,000 ಮೀರಿದ ಮಾಲಿಗೆ ಇ-ವೇ ಬಿಲ್ (ಸಾಗಣೆಯ ಆನ್‌ಲೈನ್ ರಹದಾರಿ) ಇಲ್ಲದೆ ಗಾಡಿ ಹೊರಡಿಸಬೇಡಿ. ಈವರೆಗಿನ ಗೋವೆ ಮಾರಾಟದ ಪಟ್ಟಿ ಮಾಡಿ, ತೆರಿಗೆ ಸಲಹೆಗಾರರೊಂದಿಗೆ ಕೂತು ಶೇ. 18ರ ಬಡ್ಡಿ ಸಮೇತ ನೀವಾಗಿಯೇ ಕಟ್ಟಿ. ನೋಟಿಸ್ ಬರುವ ಮೊದಲು ಕಟ್ಟಿದವರಿಗೂ ಬಂದ ಮೇಲೆ ಕಟ್ಟಿದವರಿಗೂ ದಂಡದಲ್ಲಿ ಬಹಳ ಅಂತರ.

ಆಹಾರ ನೋಂದಣಿ ಹೆಂಡತಿಯ ಹೆಸರಲ್ಲಿದೆ ಎಂದಿರಿ. ಅದು ಅವರೊಬ್ಬರ ವ್ಯವಹಾರಕ್ಕೆ, ಅರ್ಜಿಯಲ್ಲಿ ಬರೆದ ಜಾಗಕ್ಕೆ ಕೊಟ್ಟದ್ದು. ಪಾಲುದಾರಿಕೆ ಸಂಸ್ಥೆಯ ವ್ಯವಹಾರ ಬೇರೆ, ಅದರ ಹೆಸರಿಗೆ ವಹಿವಾಟಿಗೆ ತಕ್ಕಂತೆ ಹೊಸ ನೋಂದಣಿ ಅಥವಾ ಪರವಾನಗಿ ಬೇಕು. ಕುಮಟಾದಲ್ಲೂ ಮಾಲು ತುಂಬುತ್ತಿದ್ದರೆ ಅಲ್ಲಿಗೆ ಇನ್ನೊಂದು. ಅದಕ್ಕೇ ಲೇಬಲ್ ಅಚ್ಚು ಹಾಕಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಪತ್ರ, ಪಾನ್, ಸಂಸ್ಥೆಯ ನೋಂದಣಿ, ಬ್ಯಾಂಕ್ ಖಾತೆ, ಜಿಎಸ್‌ಟಿ, ಉದ್ಯಮ್, ಆಹಾರ ನೋಂದಣಿ, ಈ ಸರದಿಯಲ್ಲಿ ಹೋಗಿ. ಹತ್ತು ಸಾವಿರ ಲೇಬಲ್ ಮೊದಲೇ ಅಚ್ಚಾಗಿ, 14 ಅಂಕಿಯ ಆಹಾರ ಸಂಖ್ಯೆ ಬದಲಾದಾಗ ಅದರ ಮೇಲೆ ಚೀಟಿ ಅಂಟಿಸುತ್ತ ಕೂರುವುದು ಬೇಡ.

ಲೇಬಲ್‌ನಲ್ಲಿ ಹೆಚ್ಚು ತಪ್ಪುವುದು ಇವು: ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯದಿರುವುದು, ಬೆಂಜೋಯೇಟ್ ಹಾಕಿದ್ದರೂ ಸಂರಕ್ಷಕವೆಂದು ಹೇಳದಿರುವುದು, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನ ಬಿಟ್ಟುಹೋಗುವುದು, ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಇಲ್ಲದಿರುವುದು, ಬೆಲೆಯ ಜೊತೆ ‘ಎಲ್ಲ ತೆರಿಗೆ ಸೇರಿ’ ಎಂಬ ಮಾತು ಮತ್ತು ಗ್ರಾಮಿನ ದರ ಇಲ್ಲದಿರುವುದು. ಹಸಿರು ಚುಕ್ಕೆ ಮರೆಯುವವರೂ ಇದ್ದಾರೆ. ತಪ್ಪು ಲೇಬಲ್ಲಿಗೆ 3 ಲಕ್ಷದವರೆಗೆ ದಂಡವಿದೆ. ಮುರುಗಲು ಶರಬತ್ತಿನ ಮೇಲೆ ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಬರೆಯುವ ಆಸೆ ಬೇಡ. ಅಜ್ಜಿ ಹೇಳಿದ್ದೇ ಇರಬಹುದು, ಆದರೆ ದಾರಿತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷದವರೆಗೂ ಏರಬಹುದು. ಪೊಟ್ಟಣ ಮಾಡುವವರಾಗಿ ಕಾನೂನು ಮಾಪನ ಇಲಾಖೆಯಲ್ಲಿ 90 ದಿನದೊಳಗೆ ನೋಂದಾಯಿಸಬೇಕು, ಶುಲ್ಕ 500 ರೂಪಾಯಿ. ತಕ್ಕಡಿಗೆ ಮುದ್ರೆ ಹಾಕಿಸಿ. ಜೋನಿ ಬೆಲ್ಲದ ಒಂದು ವಿಶೇಷ: ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಇಲ್ಲ, ಲೇಬಲ್ ಹಾಕಿದ ಬಾಟಲಿಯಲ್ಲಿ ತುಂಬಿ ಮಾರಿದರೆ ಶೇ. 5.

ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಶೆಡ್ಡು ನಿಂತಿರುವುದು ಸೊಪ್ಪಿನ ಬೆಟ್ಟದಲ್ಲಿದ್ದರೆ ಈಗಲೇ ಎಬ್ಬಿಸಿ. ಬೆಟ್ಟದಲ್ಲಿ ನಿಮಗಿರುವುದು ತೋಟಕ್ಕೆ ಸೊಪ್ಪು, ದರಕು ತರುವ ಸೌಲಭ್ಯ, ಒಡೆತನವಲ್ಲ. ಅಲ್ಲಿಯ ಕಟ್ಟಡಕ್ಕೆ ಯಾವ ಪಂಚಾಯತ್ ಪರವಾನಗಿಯೂ ರಕ್ಷಣೆ ಕೊಡದು. ಕುಮಟಾದ ಗೋದಾಮು ಕಡಲ ಉಬ್ಬರದ ರೇಖೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡಬೇಕು. ಅಘನಾಶಿನಿಯಂಥ ಉಪ್ಪುನೀರು ಏರುವ ಹೊಳೆಯ ದಡಕ್ಕೂ ಆ ನಿಯಮವಿದೆ, ಅಳತೆ ಬೇರೆ.

ಕೊನೆಗೆ ಹೆಸರು. ‘ಶಿರಸಿ ಅಪ್ಪೆಮಿಡಿ’ ನಿಮ್ಮದೇ ಟ್ರೇಡ್‌ಮಾರ್ಕ್ ಆಗುವುದಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲೆಯ ಕರಿ ಇಷಾಡಿ ಮಾವಿಗೆ 2023ರಲ್ಲಿ ಸಿಕ್ಕಂತೆ. ಅಂಥ ಹೆಸರು ಆ ಸೀಮೆಯ ಬೆಳೆಗಾರರೆಲ್ಲರ ಸ್ವತ್ತು, ಒಬ್ಬರಿಗೆ ಬರೆದುಕೊಡುವುದಿಲ್ಲ. ಅಧಿಕೃತ ಬಳಕೆದಾರರಾಗಿ ಹೆಸರು ಸೇರಿಸಿಕೊಂಡರೆ ಸೂಚಕದ ಗುರುತನ್ನು ಬಾಟಲಿಯ ಮೇಲೆ ಹಾಕಬಹುದು, ಅದಕ್ಕೆ ಅರ್ಜಿ ಬೇರೆ. ಟ್ರೇಡ್‌ಮಾರ್ಕಿಗೆ ನಿಮ್ಮದೇ ಒಂದು ಪದ ಹುಟ್ಟಿಸಿ, ಮನೆತನದ ಹೆಸರೋ, ತೋಟದ ಹೆಸರೋ ಸ್ವಲ್ಪ ತಿದ್ದಿದ್ದೋ ಆದೀತು. ಅರ್ಜಿ ಸಂಸ್ಥೆಯ ಹೆಸರಿನಲ್ಲೇ ಇರಲಿ. ಉಪ್ಪಿನಕಾಯಿ 29ನೇ ವರ್ಗ, ಬೆಲ್ಲ 30, ಶರಬತ್ತು 32. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಆ ರಿಯಾಯಿತಿಗೂ ಉದ್ಯಮ್ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಸದ್ಯಕ್ಕೆ 29ನೇ ವರ್ಗ ಒಂದಕ್ಕೇ ಹಾಕಿ, ಹುಬ್ಬಳ್ಳಿಯ ಹಣ ಬಂದ ಮೇಲೆ ಉಳಿದೆರಡು.